ನುಣ್ಣನೆ ಬೆಟ್ಟ, ತೆಳ್ಳನೆ ಗಾಳಿ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಅಕ್ಷರಶಃ ನಿಜವಾದ ಒಂದು ಪ್ರಸಂಗ 1806ರ ನವೆಂಬರ್‌ನಲ್ಲಿ, ಅಮೆರಿಕದ ಇಂದಿನ ಕೊಲರಾಡೊ ರಾಜ್ಯದಲ್ಲಿ ನಡೆಯಿತು. ಪಶ್ಚಿಮದ ಅಪರಿಚಿತ ಸೀಮೆಯನ್ನು ನೋಡಿ ಬರಲು ಸೇನೆ ಕಳಿಸಿದ್ದ ಜೆಬುಲಾನ್ ಪೈಕ್ ಎಂಬ 27 ವರ್ಷದ ಅಧಿಕಾರಿಗೆ ಆ ತಿಂಗಳ 15ರಂದು ಬಯಲಿನಾಚೆ ಸಣ್ಣ ನೀಲಿ ಮೋಡದಂಥದ್ದೊಂದು ಕಂಡಿತು. ದುರ್ಬೀನು ಹಿಡಿದು ನೋಡಿದರೆ ಅದು ಮೋಡವಲ್ಲ, ಬೆಟ್ಟ. ಒಂದು ವಾರ ನಡೆದರೂ ಬೆಟ್ಟ ಹತ್ತಿರ ಬರಲಿಲ್ಲ.

24ರಂದು ಪೈಕ್ ಮೂವರು ಸಂಗಡಿಗರೊಂದಿಗೆ ಬೆಟ್ಟ ಹತ್ತಲು ಹೊರಟ. ಸಂಜೆಯೊಳಗೆ ಬುಡ ಸೇರುವ ಅಂದಾಜಿತ್ತು. ಹಿಡಿದದ್ದು ಎರಡು ದಿನ. 26ರ ಬೆಳಿಗ್ಗೆ ಕಂಬಳಿ, ಬುತ್ತಿ ಎಲ್ಲವನ್ನೂ ಬುಡದಲ್ಲೇ ಬಿಟ್ಟು ಹತ್ತತೊಡಗಿದರು. ಸಂಜೆಗೆ ಹೇಗೂ ಹಿಂದಿರುಗುತ್ತೇವಲ್ಲ ಎಂಬ ಲೆಕ್ಕ. ಆ ರಾತ್ರಿಯನ್ನು ಗುಹೆಯೊಂದರಲ್ಲಿ ಊಟವಿಲ್ಲದೆ, ನೀರಿಲ್ಲದೆ, ಹೊದೆಯಲು ಏನೂ ಇಲ್ಲದೆ ಕಳೆದರು. ಮರುದಿನ ಸೊಂಟದುದ್ದದ ಹಿಮದಲ್ಲಿ ನಡೆದು ಒಂದು ಶಿಖರದ ತುದಿ ಮುಟ್ಟಿದಾಗ ಗೊತ್ತಾಯಿತು: ಹತ್ತಿದ ಬೆಟ್ಟ ಬೇರೆ, ಹತ್ತಬೇಕಿದ್ದ ಬೆಟ್ಟ ಇನ್ನೂ 15-16 ಮೈಲಿ ಆಚೆ. ಮೈಮೇಲೆ ತೆಳು ಹತ್ತಿ ಬಟ್ಟೆ, ಪಾದಕ್ಕೆ ಕಾಲುಚೀಲವೂ ಇಲ್ಲ. ಪೈಕ್ ಹಿಂದಿರುಗಿದ. ಇಂಥ ಸ್ಥಿತಿಯಲ್ಲಿ ಆ ತುದಿಯನ್ನು ಯಾವ ಮನುಷ್ಯನೂ ಮುಟ್ಟಲಾರ ಎಂದು ದಿನಚರಿಯಲ್ಲಿ ಬರೆದ. ತಾನು ಎಂದೂ ಹತ್ತದ ಆ ಬೆಟ್ಟಕ್ಕೆ ಮುಂದೆ ಆತನ ಹೆಸರೇ ನಿಂತಿತು: ಪೈಕ್ಸ್ ಪೀಕ್.

ಈ ಶಿಖರದ ಎತ್ತರ 14,115 ಅಡಿ, ಎಂದರೆ 4,302 ಮೀಟರ್. ಇಂದು ತುದಿಯವರೆಗೆ ರೈಲುಂಟು, ಡಾಂಬರು ರಸ್ತೆಯುಂಟು, ಕಾಲುದಾರಿಯೂ ಉಂಟು. ಬೆಳಗಿನ ಜಾವ ಹೊರಟು ಹತ್ತಿ, ಕತ್ತಲಾಗುವುದರೊಳಗೆ ಇಳಿದು ಬರುವವರು ಪ್ರತಿ ಬೇಸಗೆಯಲ್ಲೂ ಇದ್ದಾರೆ. ಪೈಕ್ ಒಂದು ದಿನದಲ್ಲಿ ಮುಗಿಸುತ್ತೇನೆಂದುಕೊಂಡದ್ದನ್ನು ಅವರು ನಿಜಕ್ಕೂ ಒಂದು ದಿನದಲ್ಲಿ ಮುಗಿಸುತ್ತಾರೆ. ಬೆಟ್ಟವೇನೂ ಕುಗ್ಗಿಲ್ಲ, ಮನುಷ್ಯನ ಶ್ವಾಸಕೋಶವೂ ಹಿಗ್ಗಿಲ್ಲ. ಬದಲಾದದ್ದು ಸಿದ್ಧತೆ. ಆ ಸಿದ್ಧತೆ ಎಂದರೆ ಏನೆಂದು ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಕೊನೆಗೆ ತಿಳಿದದ್ದನ್ನು ನೋಡಿದರೆ ಅದರಲ್ಲಿ ಬೂಟು ಕೋಟುಗಳ ಪಾಲಿಗಿಂತ ದಿನ ಮತ್ತು ಗಂಟೆಗಳ ಪಾಲೇ ಹೆಚ್ಚು.

ಸುಟ್ಟುಹೋದ ಬುತ್ತಿ

ಪೈಕ್‌ಗೆ ಮೊದಲೂ ಆ ಬೆಟ್ಟಕ್ಕೆ ಹೆಸರಿತ್ತು. ಅದರ ಸುತ್ತ ಬಾಳಿದ ಯೂಟ್ ಜನ ಅದನ್ನು 'ತಾವಾ' ಎನ್ನುತ್ತಿದ್ದರು. ಸೂರ್ಯ ಎಂದು ಅದರ ಅರ್ಥ. ಅವರಲ್ಲಿ ಯಾರಾದರೂ ತುದಿ ಮುಟ್ಟಿದ್ದರೆ ಅದು ಬರಹದಲ್ಲಿ ಉಳಿದಿಲ್ಲ. ದಾಖಲೆಯಲ್ಲಿರುವ ಮೊದಲ ಆರೋಹಣ 1820ರ ಜುಲೈ 14ರದು. ಸ್ಟೀಫನ್ ಲಾಂಗ್ ಎಂಬ ಸೇನಾಧಿಕಾರಿಯ ಅನ್ವೇಷಣಾ ತಂಡದಲ್ಲಿದ್ದ ಎಡ್ವಿನ್ ಜೇಮ್ಸ್ ಎಂಬ 22 ವರ್ಷದ ಸಸ್ಯವಿಜ್ಞಾನಿ ಇಬ್ಬರು ಜತೆಗಾರರೊಂದಿಗೆ ಶಿಖರವೇರಿದ.

ಜೇಮ್ಸ್‌ಗೆ ಪೈಕ್‌ಗಿಂತ ಅದೃಷ್ಟ ಚೆನ್ನಾಗಿತ್ತು, ಹೊರಟದ್ದು ನಡುಬೇಸಗೆಯಲ್ಲಿ. ದಾರಿಯಲ್ಲಿ ಇಳಿಜಾರಿನಲ್ಲೇ ಒಂದು ರಾತ್ರಿ ಮಲಗಿ, ಮರುದಿನ ಮರಗಳ ಗಡಿ ದಾಟಿ, ಅದುವರೆಗೆ ವಿಜ್ಞಾನ ಕಾಣದಿದ್ದ ಪುಟ್ಟ ಪುಟ್ಟ ಹೂಗಿಡಗಳನ್ನು ಆಯ್ದುಕೊಳ್ಳುತ್ತ ಆತ ಮೇಲೆ ಹೋದ. ತುದಿ ಸೇರುವಾಗ ಸಂಜೆ 4 ಗಂಟೆಯ ಹೊತ್ತು. ಇಳಿಯುವಾಗ ದಾರಿಯಲ್ಲೇ ಕತ್ತಲಾಯಿತು. ಬೆಟ್ಟದ ಮೇಲೆ ಇನ್ನೊಂದು ರಾತ್ರಿ. ಕೆಳಗೆ ಬಂದು ನೋಡಿದರೆ, ಹೊರಡುವಾಗ ಆರಿಸದೆ ಬಿಟ್ಟ ಒಲೆಯ ಬೆಂಕಿ ಹಬ್ಬಿ, ಬಿಟ್ಟು ಹೋಗಿದ್ದ ಕಂಬಳಿ, ಬಟ್ಟೆ, ಆಹಾರದ ಬಹುಪಾಲು ಸುಟ್ಟುಹೋಗಿತ್ತು. ಅರೆಸುಟ್ಟ ಕಾಡೆಮ್ಮೆಯ ಮಾಂಸವೇ ಅಂದಿನ ಊಟವಾಯಿತು.

ಪೈಕ್ ಮತ್ತು ಜೇಮ್ಸ್ ಇಬ್ಬರದೂ ಒಂದೇ ಬಗೆಯ ಎಡವಟ್ಟು. ಸಂಜೆಗೆ ಬುಡಕ್ಕೆ ಬಂದೇ ಬರುತ್ತೇವೆ ಎಂಬ ನಂಬಿಕೆಯ ಮೇಲೆ ಬೇಕಾದ್ದೆಲ್ಲವನ್ನೂ ಬುಡದಲ್ಲಿಟ್ಟು ಹೋದರು. ಎತ್ತರದ ಬೆಟ್ಟದಲ್ಲಿ ಮೈಲಿಯ ಲೆಕ್ಕ ಕೆಳಗಿನ ಮೈಲಿಯ ಲೆಕ್ಕವಲ್ಲ ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ.

ಎಂಟೂವರೆ ಕಿಲೋ ಬ್ರೆಡ್

ಮೊದಲ ಸರಿಯಾದ ಸಿದ್ಧತೆ ನಡೆದದ್ದು 38 ವರ್ಷಗಳ ನಂತರ. ಅದನ್ನು ಮಾಡಿದವಳು 20 ವರ್ಷದ ಯುವತಿ. ಚಿನ್ನ ಹುಡುಕಿ ಹೊರಟಿದ್ದ ತಂಡವೊಂದರ ಜತೆ ಕಾನ್ಸಾಸ್‌ನಿಂದ ಬಂದ ಜೂಲಿಯಾ ಆರ್ಚಿಬಾಲ್ಡ್ ಹೋಮ್ಸ್ 1858ರ ಆಗಸ್ಟ್ 5ರಂದು ಶಿಖರ ಮುಟ್ಟಿದಳು. ಈ ಬೆಟ್ಟವೇರಿದ ಮಹಿಳೆಯರಲ್ಲಿ ದಾಖಲೆಯಲ್ಲಿರುವ ಮೊದಲ ಹೆಸರು ಅವಳದು.

ಆ ಕಾಲದ ಅಮೆರಿಕದಲ್ಲಿ ಹೆಣ್ಣುಮಕ್ಕಳು ನೆಲ ಗುಡಿಸುವಷ್ಟು ಉದ್ದದ ಲಂಗ ಉಡಬೇಕಿತ್ತು. ಜೂಲಿಯಾ ಮೊಣಕಾಲಿನವರೆಗಿನ ಅಂಗಿ, ಅದರಡಿ ಸಡಿಲ ಷರಾಯಿ, ಪಾದಕ್ಕೆ ಮೆತ್ತನೆ ತೊಗಲಿನ ಪಾದರಕ್ಷೆ ಧರಿಸಿದ್ದಳು. ಈ ಉಡುಪನ್ನು ಸಹಯಾತ್ರಿಗಳೇ ಆಡಿಕೊಂಡರು, ಅವಳು ಬಿಡಲಿಲ್ಲ. ಹೊರೆಯ ವಿಷಯದಲ್ಲೂ ಅಷ್ಟೇ ಖಚಿತ. ಅವಳ ಬೆನ್ನಿಗೆ 17 ಪೌಂಡ್, ಗಂಡನ ಬೆನ್ನಿಗೆ 35 ಪೌಂಡ್. ಅದರಲ್ಲಿ 19 ಪೌಂಡ್, ಎಂದರೆ ಎಂಟೂವರೆ ಕಿಲೋಗಿಂತ ಹೆಚ್ಚು, ಬರೀ ಬ್ರೆಡ್. ಜತೆಗೆ ಕಾಫಿ, ಸಕ್ಕರೆ, ಹೊದೆಯಲು ಕೌದಿಗಳು, ಓದಲು ಎಮರ್ಸನ್‌ನ ಪ್ರಬಂಧಗಳ ಒಂದು ಪುಸ್ತಕ.

ಬ್ರೆಡ್ ಒಯ್ದದ್ದು ಜಾಣತನವೇ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಪೈಕ್ಸ್ ಪೀಕ್ ತುದಿಯಲ್ಲಿ ಸುಮಾರು 86 ಡಿಗ್ರಿ ಸೆಲ್ಷಿಯಸ್‌ಗೇ ಎಸರು ಮರಳುತ್ತದೆ. ಬೇಳೆ ಬೇಯುವುದು ಮಾತ್ರ ಮುಗಿಯುವುದಿಲ್ಲ. ಬೇಯಿಸುವ ಗೊಡವೆ ಇಲ್ಲದ ಆಹಾರವೇ ಅಲ್ಲಿ ಆಹಾರ.

ಆದರೆ ಜೂಲಿಯಾಳ ದೊಡ್ಡ ಸಿದ್ಧತೆ ಅವಳ ಗಂಟಿನಲ್ಲಿರಲಿಲ್ಲ, ದಿನಗಳ ಲೆಕ್ಕದಲ್ಲಿತ್ತು. ಆಗಸ್ಟ್ 1ರಂದು ಹೊರಟ ದಂಪತಿ ಅವಸರಪಡಲಿಲ್ಲ. ಶಿಖರದ ಕೆಳಗೆ ಹಿಮ ಕರಗಿ ಹರಿಯುವ ಕಣಿವೆಯೊಂದರಲ್ಲಿ ಬಿಡಾರ ಹೂಡಿ, ಓದುತ್ತ, ಬರೆಯುತ್ತ, ಸುತ್ತಾಡುತ್ತ ಕಾಲ ಕಳೆದರು. ಆಮೇಲೆ ತುದಿಗೆ ಹೋಗಿ ಬಂದರು. ಕಣಿವೆಯ ಚೆಲುವಿಗೆ ಮರುಳಾಗಿ ತಡೆದ ಆ ದಿನಗಳು ಅವರ ದೇಹಕ್ಕೆ ಏನು ಮಾಡಿದವು ಎಂಬುದು ಅವರಿಗೂ ಗೊತ್ತಿರಲಿಲ್ಲ, ಅಂದಿನ ವೈದ್ಯರಿಗೂ ಗೊತ್ತಿರಲಿಲ್ಲ. ಅದು ತಿಳಿಯಲು ಗಾಳಿಯ ಗುಟ್ಟು ತಿಳಿಯಬೇಕಿತ್ತು.

ಗಾಳಿಗೂ ತೂಕವುಂಟು

ಎತ್ತರದ ಕಾಯಿಲೆಯ ಅನುಭವ ಹಳೆಯದು. ಕಾರಣ ತಿಳಿದದ್ದು ಈಚೆಗೆ. ಸ್ಪೇನಿನ ಪಾದ್ರಿ ಹೊಸೆ ದೆ ಅಕೋಸ್ತ 1590ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪೆರು ದೇಶದ ಪರಿಯಾಕಾಕಾ ಎಂಬ ಎತ್ತರದ ದಾರಿಯಲ್ಲಿ ತನಗೆ ಬಂದ ಓಕರಿಕೆ, ವಾಂತಿಗಳನ್ನು ವಿವರಿಸಿದ. ಅಲ್ಲಿನ ಗಾಳಿ ಮನುಷ್ಯನ ಉಸಿರಿಗೆ ಒಗ್ಗದಷ್ಟು ನವಿರು ಎಂದು ಆತ ಊಹಿಸಿದ. ಅದೇ ಶತಮಾನದಲ್ಲಿ, ಕಾಶ್ಮೀರವನ್ನಾಳಿದ ಮಿರ್ಜಾ ಹೈದರ್ ಟಿಬೆಟ್ ಸೀಮೆಯ ಈ ಕಾಯಿಲೆಯನ್ನು 'ದಮ್‌ಗಿರಿ' ಎಂದು ಕರೆದ. ದಮ್ ಎಂದರೆ ಪಾರಸಿಯಲ್ಲಿ ಉಸಿರು. ಕನ್ನಡದ 'ದಮ್ಮು' ಕೂಡ ಅಲ್ಲಿಂದಲೇ ಬಂದ ಮಾತು. ಹಿಮಾಲಯದ ಹಲವೆಡೆ ಜನ ಇದನ್ನು ವಿಷದ ಗಾಳಿ ಎಂದು ನಂಬಿದ್ದರು. ಯಾವುದೋ ವಿಷದ ಹೂವಿನ ಕಂಪು ತಲೆಗೇರಿ ನೋವು ತರುತ್ತದೆ ಎಂಬುದು ಅವರ ಎಣಿಕೆ.

ಗಾಳಿಗೆ ತೂಕವಿದೆ, ಮೇಲೇರಿದಂತೆ ಆ ತೂಕ ಕಡಿಮೆಯಾಗುತ್ತದೆ ಎಂದು ತೋರಿಸಿಕೊಟ್ಟದ್ದು ಕೂಡ ಒಂದು ದಿನದ ಚಾರಣವೇ. 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನಲ್ಲಿ ಫ್ಲೋರಿನ್ ಪೆರಿಯೆ ಎಂಬಾತ ತನ್ನ ಭಾವಮೈದುನ, ಗಣಿತಜ್ಞ ಬ್ಲೇಸ್ ಪಾಸ್ಕಲ್‌ನ ಕೋರಿಕೆಯಂತೆ ಪಾದರಸದ ಕೊಳವೆ ಹಿಡಿದು ಪ್ಯುಯಿ ದ ದೋಮ್ ಎಂಬ ಬೆಟ್ಟ ಹತ್ತಿದ. ಅಂಥದೇ ಇನ್ನೊಂದು ಕೊಳವೆ ಕೆಳಗಿನ ಮಠದಲ್ಲಿತ್ತು. ಸಂನ್ಯಾಸಿಯೊಬ್ಬ ದಿನವಿಡೀ ಅದನ್ನು ಕಾದ. ಕೆಳಗಿನ ಪಾದರಸ ಕದಲಲಿಲ್ಲ. ಬೆಟ್ಟದ ತುದಿಯಲ್ಲಿ ಅದು ಮೂರು ಅಂಗುಲದಷ್ಟು ಕುಸಿದಿತ್ತು.

ಈ ಕುಸಿತಕ್ಕೂ ದೇಹದ ಕಾಯಿಲೆಗೂ ಗಂಟು ಹಾಕಿದವರು ಫ್ರಾನ್ಸಿನ ಶರೀರವಿಜ್ಞಾನಿ ಪಾಲ್ ಬೆರ್. ಉಕ್ಕಿನ ಕೋಣೆಯೊಳಗೆ ಕುಳಿತು, ಗಾಳಿಯನ್ನು ಹೊರಗೆಳೆಸಿ, ತನ್ನ ಮೇಲೆಯೇ ಪರೀಕ್ಷೆ ನಡೆಸಿದ ಬೆರ್ 1878ರ ಗ್ರಂಥದಲ್ಲಿ ತೀರ್ಪು ಕೊಟ್ಟರು: ತೊಂದರೆ ಆಮ್ಲಜನಕದ ಕೊರತೆಯದು. ಅದಕ್ಕೆ ಮೂರು ವರ್ಷ ಮೊದಲು 'ಝೆನಿತ್' ಎಂಬ ಬಲೂನಿನಲ್ಲಿ 8,000 ಮೀಟರಿಗೂ ಮೇಲೇರಿದ ಮೂವರಲ್ಲಿ ಇಬ್ಬರು ಸತ್ತಿದ್ದರು. ಅವರ ಬಳಿ ಆಮ್ಲಜನಕದ ಚೀಲಗಳಿದ್ದವು. ಬೇಕೆನಿಸಿದಾಗ ಕೈ ಎತ್ತಲು ಆಗದಷ್ಟು ದೇಹ ಸೋತಿತ್ತು. ಎತ್ತರ ಮೊದಲು ಕಸಿಯುವುದು ಅಪಾಯದ ಅರಿವನ್ನೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಪೈಕ್ಸ್ ಪೀಕ್ ತುದಿಯಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 21ರಷ್ಟೇ. ಆದರೆ ಒಟ್ಟು ಗಾಳಿಯೇ ತೆಳು. ಸಮುದ್ರಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಸುಮಾರು ಶೇ 60 ಮಾತ್ರ ಅಲ್ಲಿ ಸಿಗುತ್ತದೆ.

ರೈಲು ಬಂತು, ಕಾಯಿಲೆಯೂ ಬಂತು

1891ರಲ್ಲಿ ಹಲ್ಲುಕಂಬಿಯ ರೈಲು ಶಿಖರ ತಲುಪಿತು. ಮೊದಲು ದಿನಗಟ್ಟಲೆ ಹತ್ತುತ್ತಿದ್ದವರು ಈಗ ಕೆಲವೇ ಗಂಟೆಗಳಲ್ಲಿ ತುದಿಯಲ್ಲಿದ್ದರು. ಅವಸರ ಅಗ್ಗವಾಯಿತು. ಅದರ ಫಲವನ್ನು ಹತ್ತಿರದಿಂದ ನೋಡಲು 1911ರ ಬೇಸಗೆಯಲ್ಲಿ ನಾಲ್ವರು ವಿಜ್ಞಾನಿಗಳು ಅದೇ ರೈಲಿನಲ್ಲಿ ಬಂದರು. ಆಕ್ಸ್‌ಫರ್ಡಿನ ಜೆ.ಎಸ್. ಹಾಲ್ಡೇನ್ ಮತ್ತು ಸಿ.ಜಿ. ಡಗ್ಲಸ್, ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್, ಕೊಲರಾಡೊ ಕಾಲೇಜಿನ ಎಡ್ವರ್ಡ್ ಶ್ನೈಡರ್. ಶಿಖರದ ವಸತಿಗೃಹದಲ್ಲೇ ಅವರು ಐದು ವಾರ ಉಳಿದರು.

ಮೊದಲ ದಿನ ವಿಜ್ಞಾನಿಗಳದೇ ತುಟಿ, ಮುಖ ನೀಲಿಗಟ್ಟಿದವು. ತಲೆನೋವು, ಓಕರಿಕೆ, ನಿದ್ದೆಗೇಡು. ಎರಡು ಮೂರು ದಿನ ಕಳೆದ ಮೇಲೆ ಅದೆಲ್ಲ ತಾನಾಗಿ ಇಳಿಯಿತು. ಮುಖದ ಬಣ್ಣ ಮರಳಿತು. ಅದೇ ಹೊತ್ತಿಗೆ ಹೊರಗೆ ಪ್ರವಾಸಿಗಳ ಗೋಳು ನಡೆದಿತ್ತು. ಸೂರ್ಯೋದಯ ನೋಡುವ ಆಸೆಯಿಂದ ರಾತ್ರಿಯಿಡೀ ಕಾಲ್ನಡಿಗೆಯಲ್ಲೋ ಕತ್ತೆಯ ಮೇಲೋ ಹತ್ತಿ ಬಂದವರು ವಾಂತಿ ಮಾಡುತ್ತ, ಬವಳಿ ಬಂದು ಬೀಳುತ್ತ ಇದ್ದರು. ಬಿರುಗಾಳಿಗೆ ಸಿಕ್ಕ ಹಡಗಿನ ಅಟ್ಟದ ನೋಟದಂತಿತ್ತು ಎಂದು ವಿಜ್ಞಾನಿಗಳು ಬರೆದರು. ಅದೇ ಬೆಟ್ಟ, ಅದೇ ಗಾಳಿ. ಒಳಗಿದ್ದವರು ಆರಾಮ, ಹೊರಗಿದ್ದವರು ಹೈರಾಣ. ವ್ಯತ್ಯಾಸ ಮೂರು ದಿನದ್ದು.

ಈ ತಂಡದ ಐದನೆಯ ಸದಸ್ಯೆ ಮೇಬಲ್ ಫಿಟ್ಸ್‌ಜೆರಾಲ್ಡ್ ಶಿಖರದ ಮನೆಯಲ್ಲಿರಲಿಲ್ಲ. ಆಕೆ ಉಪಕರಣಗಳನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಕೊಲರಾಡೊದ ಗಣಿ ಊರುಗಳಲ್ಲಿ ಒಂಟಿಯಾಗಿ ಓಡಾಡಿದರು. ಬೇರೆ ಬೇರೆ ಎತ್ತರಗಳಲ್ಲಿ ನೆಲೆಸಿದ ಜನರ ಉಸಿರನ್ನೂ ರಕ್ತವನ್ನೂ ಪರೀಕ್ಷಿಸಿದರು. ಎತ್ತರ ಹೆಚ್ಚಿದಷ್ಟೂ ಅಲ್ಲಿನವರ ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚು, ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಎಂದು ಅಳೆದು ತೋರಿಸಿದರು. 1913ರಲ್ಲಿ ಪ್ರಕಟವಾದ ಅವರ ಅಂಕಿಗಳು ಇಂದಿಗೂ ಬಳಕೆಯಲ್ಲಿವೆ. ಹೆಣ್ಣುಮಕ್ಕಳಿಗೆ ಪದವಿ ಕೊಡದಿದ್ದ ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ಓದಿದ ಆಕೆಗೆ ಆ ವಿಶ್ವವಿದ್ಯಾಲಯ ಗೌರವ ಪದವಿ ಕೊಟ್ಟದ್ದು 1972ರಲ್ಲಿ. ಆಗ ಅವರಿಗೆ 100 ವರ್ಷ.

ವಿಜ್ಞಾನಿಗಳ ಎಲ್ಲ ತೀರ್ಮಾನವೂ ಉಳಿಯಲಿಲ್ಲ. ಎತ್ತರದಲ್ಲಿ ಶ್ವಾಸಕೋಶವೇ ಆಮ್ಲಜನಕವನ್ನು ಎಳೆದು ರಕ್ತಕ್ಕೆ ತುಂಬುತ್ತದೆ ಎಂದು ಹಾಲ್ಡೇನ್ ನಂಬಿದ್ದರು. 1921-22ರಲ್ಲಿ ಜೋಸೆಫ್ ಬಾರ್‌ಕ್ರಾಫ್ಟ್ ಪೆರುವಿನ ಸೆರೊ ದೆ ಪಾಸ್ಕೊದಲ್ಲಿ ನಡೆಸಿದ ಪರೀಕ್ಷೆಗಳು ಅದನ್ನು ಅಲ್ಲಗಳೆದವು. ಆದರೆ ದೇಹಕ್ಕೆ ಕಾಲ ಬೇಕು ಎಂಬ ಮೂಲ ಪಾಠ ಅಲುಗಲಿಲ್ಲ.

ದೇಹ ಕೇಳುವ ಗಡುವು

ಈ ಮೂರು ದಿನದಲ್ಲಿ ಒಳಗೆ ನಡೆಯುವುದೇನು? ಆಮ್ಲಜನಕ ಸಾಲದಾದಾಗ ದೇಹ ಮೊದಲು ಮಾಡುವ ಕೆಲಸ ಹೆಚ್ಚು ಉಸಿರಾಡುವುದು. ಹಾಗೆ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ರಕ್ತ ಕ್ಷಾರದತ್ತ ವಾಲುತ್ತದೆ. ಇದು ಮಿದುಳಿಗೆ ಒಗ್ಗದು. ಉಸಿರನ್ನು ತಗ್ಗಿಸು ಎಂದು ಅದು ಆಜ್ಞೆ ಕೊಡುತ್ತದೆ. ಒಂದು ಕಡೆ ಹೆಚ್ಚು ಉಸಿರು ಬೇಕು, ಇನ್ನೊಂದು ಕಡೆ ಬೇಡ. ಈ ಜಗಳವನ್ನು ಬಿಡಿಸುವುದು ಮೂತ್ರಪಿಂಡ. ಹೆಚ್ಚಾದ ಕ್ಷಾರವನ್ನು ಅದು ಮೂತ್ರದಲ್ಲಿ ಹೊರಹಾಕುತ್ತದೆ. ಆದರೆ ಆ ಕೆಲಸಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ರಕ್ತದಲ್ಲಿ ಹೊಸ ಕೆಂಪು ಕಣಗಳು ತುಂಬಿಕೊಳ್ಳಲು ವಾರಗಳೇ ಬೇಕು.

ಒಂದೇ ದಿನದಲ್ಲಿ ಹೋಗಿ ಬರುವವರಿಗೆ ಇನ್ನೊಂದು ತೊಡಕಿದೆ. ಎತ್ತರದ ಕಾಯಿಲೆ ಮೇಲೆ ಹೋದ ಕೂಡಲೇ ಬರುವುದಿಲ್ಲ. ಸಾಮಾನ್ಯವಾಗಿ ಹಲವು ಗಂಟೆ ಕಳೆದ ಮೇಲೆ ತಲೆ ಎತ್ತುತ್ತದೆ. ಆದ್ದರಿಂದ ಹತ್ತುವಾಗ ಏನೂ ಆಗಲಿಲ್ಲ ಎಂಬ ಧೈರ್ಯ ಸುಳ್ಳು ಧೈರ್ಯ. ತಲೆನೋವು, ಊಟ ಸೇರದಿರುವುದು, ಓಕರಿಕೆ, ತಲೆಸುತ್ತು, ಮಿತಿಮೀರಿದ ಸುಸ್ತು ಮೊದಲ ಲಕ್ಷಣಗಳು. ಕುಳಿತಿದ್ದರೂ ಏದುಸಿರು, ನೊರೆಯ ಕೆಮ್ಮು ಕಂಡರೆ ಶ್ವಾಸಕೋಶಕ್ಕೆ ನೀರು ಇಳಿಯುತ್ತಿದೆ. ಮಾತು ತೊದಲಿ, ನಡಿಗೆ ತೂರಾಡಿದರೆ ಮಿದುಳು ಬಾವುಗೊಳ್ಳುತ್ತಿದೆ. ಇವೆರಡಕ್ಕೂ ಮೊದಲ ಮದ್ದು ಒಂದೇ: ತಡಮಾಡದೆ ಕೆಳಗಿಳಿಯುವುದು.

ದೇಹದಾರ್ಢ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂಬುದು ಹಲವರಿಗೆ ಅಚ್ಚರಿ ತರುವ ಸಂಗತಿ. ನಿತ್ಯ ಹತ್ತು ಕಿಲೋಮೀಟರ್ ಓಡುವ ಯುವಕನಿಗೂ ಕಾಯಿಲೆ ಬರಬಹುದು; ಅವನ ಅಪ್ಪನಿಗೆ ಬಾರದೇ ಇರಬಹುದು. ಕಸುವಿರುವ ಯುವಕ ಬೇಗ ಬೇಗ ಹತ್ತುವುದರಿಂದ ಅವನಿಗೇ ಅಪಾಯ ಜಾಸ್ತಿ ಎಂದರೂ ತಪ್ಪಲ್ಲ.

1962ರ ಪಾಠ

ಈ ಪಾಠಕ್ಕೆ ಭಾರತ ತೆತ್ತ ಬೆಲೆ ದೊಡ್ಡದು. 1962ರಲ್ಲಿ ಚೀನಾದೊಂದಿಗೆ ಯುದ್ಧ ಬಂದಾಗ ಬಯಲು ಸೀಮೆಯ ಸೈನಿಕರನ್ನು ಅವಸರದಲ್ಲಿ ಹಿಮಾಲಯದ ನೆತ್ತಿಗೆ ಸಾಗಿಸಬೇಕಾಯಿತು. ಹಲವರ ಮೈಮೇಲೆ ಇದ್ದದ್ದು ಹತ್ತಿಯ ಸಮವಸ್ತ್ರ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಶತ್ರುವಿನ ಗುಂಡಿಗೆ ಮೊದಲೇ ತೆಳುಗಾಳಿ ಮತ್ತು ಚಳಿ ಅವರನ್ನು ಕೆಡವತೊಡಗಿದ್ದವು. ಪೈಕ್‌ನ ನಾಲ್ವರ ತಂಡ ಮಾಡಿದ ತಪ್ಪು ಇಲ್ಲಿ ಸಾವಿರಾರು ಜನರ ಪಾಲಿಗೆ ಬಂತು.

ಭಾರತೀಯ ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 11,000ದಿಂದ 18,000 ಅಡಿ ಎತ್ತರದಲ್ಲಿ ಕಾಯಿಲೆಗೆ ತುತ್ತಾದ 1,925 ಸೈನಿಕರ ವಿವರಗಳನ್ನು 1969ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಎತ್ತರದ ಕಾಯಿಲೆಯ ಬಗ್ಗೆ ಜಗತ್ತಿನ ವೈದ್ಯರು ಇಂದಿಗೂ ಉಲ್ಲೇಖಿಸುವ ಅಧ್ಯಯನಗಳಲ್ಲಿ ಇದೊಂದು. ಭಾರತೀಯ ಸೇನೆ ಎತ್ತರಕ್ಕೆ ಹೋಗುವ ಯೋಧರಿಗೆ ಮೂರು ಹಂತಗಳನ್ನು ಗೊತ್ತುಮಾಡಿದೆ: 9,000ದಿಂದ 12,000 ಅಡಿಯವರೆಗೆ ಆರು ದಿನ, 12,000ದಿಂದ 15,000 ಅಡಿಯವರೆಗೆ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು ದಿನ. ಮೊದಲೆರಡು ದಿನ ವಿಶ್ರಾಂತಿ, ಆಮೇಲೆ ನಡಿಗೆ, ಆಮೇಲೆ ಏರು. ಕಟ್ಟುಮಸ್ತಾದ ಯೋಧನಿಗೇ ಇಷ್ಟು ಕಟ್ಟುನಿಟ್ಟು.

ಮಧ್ಯಾಹ್ನದೊಳಗೆ ಇಳಿ

ಮತ್ತೆ ಪೈಕ್ಸ್ ಪೀಕ್‌ಗೆ ಬರೋಣ. ಇಂದು ಕಾಲ್ನಡಿಗೆಯವರು ಬಳಸುವುದು ಬಾರ್ ಟ್ರೇಲ್ ಎಂಬ ದಾರಿ. ಫ್ರೆಡ್ ಬಾರ್ ಎಂಬಾತ ವರ್ಷಗಟ್ಟಲೆ ದುಡಿದು 1921ರಲ್ಲಿ ಇದನ್ನು ಶಿಖರಕ್ಕೆ ಮುಟ್ಟಿಸಿದ. ಒಂದು ದಿಕ್ಕಿಗೆ ಸುಮಾರು 13 ಮೈಲಿ. ಬುಡದಿಂದ ತುದಿಗೆ ಏರು ಏಳೂವರೆ ಸಾವಿರ ಅಡಿ ಸುಮಾರು. ಅರ್ಧ ದಾರಿಯಲ್ಲಿ, 10,200 ಅಡಿ ಎತ್ತರದಲ್ಲಿ, ಬಾರ್ ಕಟ್ಟಿದ ತಂಗುದಾಣವಿದೆ. ಅಲ್ಲಿ ಒಂದು ರಾತ್ರಿ ತಂಗಿ ಮರುದಿನ ತುದಿಗೆ ಹೋಗುವವರು ಬಹಳ. 1858ರಲ್ಲಿ ಹೋಮ್ಸ್ ದಂಪತಿ ಕಣಿವೆಯಲ್ಲಿ ತಡೆದದ್ದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಇದೇ ದಾರಿಯಲ್ಲಿ 1956ರಲ್ಲಿ ಒಂದು ತಮಾಷೆಯ ಪಂದ್ಯ ನಡೆಯಿತು. ಸಿಗರೇಟು ಸೇದುವವರಿಗೂ ಸೇದದವರಿಗೂ ಪೈಪೋಟಿ. ತುದಿಗೆ ಹೋಗಿ ಕೆಳಗೆ ಬರುವ ಪೂರ್ತಿ ದಾರಿಯನ್ನು ಮುಗಿಸಿದ ಸಿಗರೇಟುದಾರ ಒಬ್ಬನೂ ಇರಲಿಲ್ಲ. ಆ ಪಂದ್ಯವೇ ಬೆಳೆದು ಇಂದಿನ ಪೈಕ್ಸ್ ಪೀಕ್ ಮ್ಯಾರಥಾನ್ ಆಗಿದೆ.

ಒಂದೇ ದಿನದಲ್ಲಿ ಹೋಗಿ ಬರುವವರು ನಸುಕಿಗೆ ಮೊದಲೇ ಹೊರಡುತ್ತಾರೆ. ಕಾರಣ ಸಿಡಿಲು. ಕೊಲರಾಡೊದಲ್ಲಿ ಬೇಸಗೆಯ ಮಧ್ಯಾಹ್ನ ಬಿಸಿಲಿಗೆ ಕಾದ ಗಾಳಿ ಬೆಟ್ಟದ ಮೈಯನ್ನು ಹತ್ತಿ ಮೋಡ ಕಟ್ಟುತ್ತದೆ. ನೋಡುನೋಡುತ್ತಿದ್ದಂತೆ ಗುಡುಗು, ಆಲಿಕಲ್ಲು. ಹನ್ನೊಂದೂವರೆ ಸಾವಿರ ಅಡಿಯಿಂದಾಚೆ ಮರಗಳಿಲ್ಲ. ಬೋಳು ಬಂಡೆಯ ಮೇಲೆ ನಿಂತ ಮನುಷ್ಯನೇ ಅಲ್ಲಿ ಎತ್ತರದ ವಸ್ತು. ಆದ್ದರಿಂದ ಮಧ್ಯಾಹ್ನ 12ರೊಳಗೆ ಶಿಖರ ಬಿಟ್ಟು ಇಳಿಯತೊಡಗಬೇಕು ಎಂಬುದು ಅಲ್ಲಿನವರು ಪಾಲಿಸುವ ನಿಯಮ. 1820ರಲ್ಲಿ ಸಂಜೆ 4ಕ್ಕೆ ತುದಿ ಸೇರಿದ ಜೇಮ್ಸ್‌ಗೆ ಸಿಡಿಲು ಬಡಿಯಲಿಲ್ಲ ಎಂಬುದು ಅದೃಷ್ಟ, ಜಾಣತನವಲ್ಲ.

ಚಳಿಯ ಲೆಕ್ಕವೂ ಸರಳ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಸೆಲ್ಷಿಯಸ್ ಇಳಿಯುತ್ತದೆ. ಬುಡದಲ್ಲಿ 25 ಡಿಗ್ರಿಯ ಹಿತವಾದ ಬೆಳಗು ಇದ್ದರೆ ತುದಿಯಲ್ಲಿ 10ರ ಆಸುಪಾಸು. ಗಾಳಿ ಬೀಸಿದರೆ ಇನ್ನೂ ಕಡಿಮೆ ಎನಿಸುತ್ತದೆ. ಹತ್ತಿ ಬಟ್ಟೆ ಬೆವರಿಗೋ ಮಳೆಗೋ ಒದ್ದೆಯಾದರೆ ಮೈಗಂಟಿ ಶಾಖವನ್ನು ಹೀರುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಪೈಕ್‌ನ ಸೈನಿಕರಲ್ಲಿ ಹಲವರ ಪಾದಗಳು ಅದೇ ಚಳಿಗಾಲದಲ್ಲಿ ಹೆಪ್ಪುಗಟ್ಟಿದವು; ಕೆಲವರು ಕಾಲ್ಬೆರಳುಗಳನ್ನೇ ಕಳೆದುಕೊಂಡರು. ಒಣಗಿದ ಗಾಳಿಯಲ್ಲಿ ಏದುಸಿರು ಬಿಡುವುದರಿಂದ ಮೈಯ ನೀರು ಅರಿವಿಲ್ಲದೆ ಆರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಸಾವಿರ ಮೀಟರಿಗೆ ಶೇ 10ರಷ್ಟು ಪ್ರಖರವಾಗುತ್ತವೆ. ನೀರು, ತಿನಿಸು, ಟೊಪ್ಪಿಗೆ, ಬಣ್ಣದ ಕನ್ನಡಕ, ಮಳೆಯಂಗಿ, ತಲೆಗೆ ಕಟ್ಟುವ ದೀಪ ಇವು ಯಾವುವೂ ಬುಡದಲ್ಲಿ ಬಿಟ್ಟು ಹೋಗುವ ಸಾಮಾನಲ್ಲ.

ಮಾತ್ರೆಯೂ ಇದೆ. ಅಸೆಟಜೋಲಮೈಡ್ ಎಂಬ ಔಷಧಿ ಮೂತ್ರಪಿಂಡದ ಕೆಲಸವನ್ನು ಬೇಗ ಮಾಡಿಸಿ ದೇಹ ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುತ್ತದೆ ಎಂದು 1960ರ ದಶಕದ ಪರೀಕ್ಷೆಗಳು ತೋರಿಸಿದವು. ಎಲ್ಲರಿಗೂ ಅದು ಒಗ್ಗುವುದಿಲ್ಲ. ವೈದ್ಯರನ್ನು ಕೇಳದೆ ನುಂಗುವಂತಿಲ್ಲ. ನುಂಗಿದವರೂ ಲಕ್ಷಣ ಕಂಡಾಗ ಇಳಿಯಲೇಬೇಕು.

ಮುಳ್ಳಯ್ಯನಗಿರಿಯಿಂದಾಚೆ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 6,330 ಅಡಿ. ದಕ್ಷಿಣ ಭಾರತಕ್ಕೆಲ್ಲ ಎತ್ತರವಾದ ಕೇರಳದ ಆನೆಮುಡಿಯೂ 8,842 ಅಡಿ ಮಾತ್ರ. ಪೈಕ್ಸ್ ಪೀಕ್ ದಾರಿಯ ನಡುವಿನ ತಂಗುದಾಣಕ್ಕೂ ಇವು ತಗ್ಗು. ಕುಕ್ಕೆಯಿಂದ ಕುಮಾರಪರ್ವತ ಹತ್ತಿ ಒಂದೇ ದಿನದಲ್ಲಿ ಇಳಿದವರಿಗೆ ಕಾಲಿನ ಬಲ, ಎದೆಯ ದಮ್ಮು ಎರಡೂ ಇರುತ್ತವೆ, ಸಂಶಯವಿಲ್ಲ. ಅದು ಒಳ್ಳೆಯ ತಾಲೀಮು ಕೂಡ. ಆದರೆ ತೆಳುಗಾಳಿಯ ಪರಿಚಯ ಅಲ್ಲಿ ಆಗುವುದಿಲ್ಲ. ಕನ್ನಡ ನಾಡಿನ ಯಾವ ಬೆಟ್ಟವೂ ಆ ಪಾಠವನ್ನು ಕಲಿಸಲಾರದು.

ಬೆಂಗಳೂರು ಇರುವುದು 3,000 ಅಡಿಯಲ್ಲಿ. ಅಲ್ಲಿಂದ ಬೆಳಿಗ್ಗೆ ವಿಮಾನ ಹತ್ತಿದವರು ಅದೇ ದಿನ 11,500 ಅಡಿಯ ಲೇಹ್‌ನಲ್ಲಿ ಇಳಿಯಬಹುದು. ಮೊದಲೆರಡು ದಿನ ಸುಮ್ಮನೆ ಕೊಠಡಿಯಲ್ಲಿ ವಿಶ್ರಾಂತಿ ಪಡೆಯಿರಿ ಎಂದು ಅಲ್ಲಿ ಹೇಳುತ್ತಾರೆ. ರಜೆಯೇ ಐದು ದಿನ ಇದ್ದಾಗ ಎರಡು ದಿನ ಹಾಸಿಗೆಯಲ್ಲಿ ಕಳೆಯುವುದು ದಂಡ ಎನಿಸುತ್ತದೆ. ಆದರೆ ಆ ಎರಡು ದಿನಗಳಲ್ಲಿ ನಡೆಯುವ ಕೆಲಸವನ್ನು ಹಣ ಕೊಟ್ಟು ಬೇರೆಯವರಿಂದ ಮಾಡಿಸಲಾಗದು. ಎಂಟು ಒಂಬತ್ತು ಸಾವಿರ ಅಡಿ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಹಗಲು ಎತ್ತರಕ್ಕೆ ಹೋದರೂ ರಾತ್ರಿ ತಗ್ಗಿಗೆ ಬಂದು ಮಲಗುವುದು ಲೇಸು ಎಂಬುದು ವೈದ್ಯರೂ ಆರೋಹಿಗಳೂ ಒಪ್ಪಿದ ಮಾತು.

ಎಚ್ಚರವೆಲ್ಲ ಇದ್ದೂ ಬೆಟ್ಟ ಮುನಿಯುವುದುಂಟು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಸರೋವರಕ್ಕೆ ಹೋಗಿ ಹಿಂದಿರುಗುತ್ತಿದ್ದ ಕರ್ನಾಟಕದ ಚಾರಣ ತಂಡ ಹಿಮದ ಬಿರುಗಾಳಿಗೆ ಸಿಕ್ಕಿತು. ಮಾರ್ಗದರ್ಶಕರೂ ಸೇರಿ 22 ಜನರಿದ್ದ ತಂಡದಲ್ಲಿ ಒಂಬತ್ತು ಮಂದಿ ಅಸುನೀಗಿದರು. ಅವರಲ್ಲಿ ಅನುಭವಿ ಚಾರಣಿಗರೂ ಇದ್ದರು. ಆ ಸಾವುಗಳಿಗೆ ಯಾರನ್ನಾದರೂ ಹೊಣೆ ಮಾಡುವುದಕ್ಕಿಂತ, ಎತ್ತರದಲ್ಲಿ ಹವೆ ಕೆಟ್ಟಾಗ ಮನುಷ್ಯನ ಕೈಯಲ್ಲಿ ಉಳಿಯುವ ಕಾಲ ಎಷ್ಟು ಕಡಿಮೆ ಎಂಬುದನ್ನು ನೆನಪಿಡುವುದು ಮುಖ್ಯ. ಕನ್ನಡಿಗರು ಇಂದು ಹಿಮಾಲಯಕ್ಕೂ, ಕೊಲರಾಡೊ ಕ್ಯಾಲಿಫೋರ್ನಿಯಾಗಳ ಬೆಟ್ಟಗಳಿಗೂ ಹೋಗುತ್ತಾರೆ. ಹೋಗಬೇಕಾದ್ದೇ. ಮನೆಯವರು ಕಾಯುತ್ತಿರುತ್ತಾರೆ ಎಂಬುದು ನೆನಪಿದ್ದರಾಯಿತು.

ಶಿಖರಕ್ಕೆ ಬೇಕಾದದ್ದು ಒಂದು ದಿನ ನಿಜ. ಅದರ ಹಿಂದೆ ಎರಡು ಮೂರು ದಿನ ಎತ್ತರದಲ್ಲಿ ತಂಗುವ ವ್ಯವಧಾನ ಇರಬೇಕು. ಹೊರಡುವ ಮೊದಲೇ ಹಿಂದಿರುಗುವ ಗಂಟೆಯನ್ನು ಗೊತ್ತುಮಾಡಿ ಜತೆಗಾರರಿಗೂ ಮನೆಗೂ ತಿಳಿಸಿರಬೇಕು. ಆ ಗಂಟೆ ಬಂದಾಗ ತುದಿ ಕೂಗಳತೆಯಲ್ಲಿದ್ದರೂ ತಿರುಗಿ ನಡೆಯಬೇಕು. ತಲೆನೋವು ಬಂದವನು ಜತೆಗಾರರಿಗೆ ನಾಚದೆ ಹೇಳಬೇಕು. ಹೇಳಿದವನನ್ನು ಯಾರೂ ಹೀಯಾಳಿಸಬಾರದು, ಒಂಟಿಯಾಗಿ ಇಳಿಯಲು ಬಿಡಬಾರದು. ಇವು ಅಂಗಡಿಯಲ್ಲಿ ಸಿಗುವ ಸಾಮಾನುಗಳಲ್ಲ. ಆದರೂ ಬೆನ್ನಚೀಲ ಕಟ್ಟುವಾಗ ಮೊದಲು ತುಂಬಿಕೊಳ್ಳಬೇಕಾದ್ದು ಇವನ್ನೇ.